ನಮಾಜನ್ನು ಕ್ರೈಸ್ತರ ಯಾವ ಆಚರಣೆಯ ಜೊತೆ ಹೋಲಿಸಬೇಕು?

“ಮುಸ್ಲಿಮರು ದಿನಕ್ಕೆ ಐದು ಸಲ ಪ್ರಾರ್ಥಿಸುತ್ತಾರೆ, ಕ್ರೈಸ್ತರು ವಾರಕ್ಕೊಮ್ಮೆ ಚರ್ಚಿಗೆ ಹೋಗುತ್ತಾರೆ. ದಿನನಿತ್ಯದ ಆಚರಣೆಯಲ್ಲಿ ವ್ಯತ್ಯಾಸ ಇಷ್ಟೇನಾ?” ಎಂದು ಕೇಳಿದ್ದೀರಿ. ಇಷ್ಟೇ ಅಲ್ಲ. ಈ ಹೋಲಿಕೆ ಶುರುವಾಗಿರುವ ಜಾಗವೇ ಸರಿಯಿಲ್ಲ ಎಂದು ನನ್ನ ಅನಿಸಿಕೆ. ಕ್ರೈಸ್ತರು ಮಲಗುವ ಮುಂಚೆ ಕಣ್ಣು ಮುಚ್ಚಿ ತಮ್ಮದೇ ಮಾತಿನಲ್ಲಿ ದೇವರನ್ನು ಬೇಡಿಕೊಳ್ಳುತ್ತಾರಲ್ಲ, ಅದಕ್ಕೆ ಇಸ್ಲಾಮಿನಲ್ಲಿ ಸಾಟಿಯಾಗಿರುವುದು ದುಆ, ನಮಾಜ್ ಅಲ್ಲ. ದುಆ ಯಾವ ಹೊತ್ತಿನಲ್ಲಾದರೂ, ಯಾವ ಭಾಷೆಯಲ್ಲಾದರೂ ಸಲ್ಲುತ್ತದೆ. ನಮಾಜ್ ಹಾಗಲ್ಲ, ಷರತ್ತು ತಪ್ಪಿದರೆ ಅದು ಆಗಿಲ್ಲವೆಂದೇ ಲೆಕ್ಕ, ಮತ್ತೆ ಮಾಡಬೇಕು. ಹಾಗಾಗಿ ನಾನು ಎರಡೂ ಧರ್ಮಗಳಿಗೆ ಒಂದೇ ಪ್ರಶ್ನೆ ಹಾಕಿ ನೋಡುತ್ತೇನೆ: “ಇದು ಸಿಂಧುವಾಯಿತೋ ಇಲ್ಲವೋ” ಎಂಬ ಚಿಂತೆ ಯಾವ ಆಚರಣೆಯಲ್ಲಿ ಬರುತ್ತದೆ?

ಇಸ್ಲಾಮಿನಲ್ಲಿ ಆ ಚಿಂತೆ ದಿನದ ನಡುವೆಯೇ ಇದೆ. ನಮಾಜಿಗೆ ಮುಂಚೆ ಐದು ವಿಷಯ ಸರಿಯಿರಬೇಕು: ಸಮಯ ಆಗಿರಬೇಕು, ವುಝೂ (ನೀರಿನಿಂದ ಕೈಕಾಲು ಮುಖ ತೊಳೆದುಕೊಳ್ಳುವ ಶುದ್ಧಿ) ಇರಬೇಕು, ಮೈ, ಬಟ್ಟೆ, ನಿಲ್ಲುವ ಜಾಗ ಶುದ್ಧವಿರಬೇಕು, ಮೈ ಮುಚ್ಚಿರಬೇಕು, ಮುಖ ಮಕ್ಕಾದ ಕಾಬಾದ ಕಡೆಗಿರಬೇಕು. ಕುರಾನಿನ 5ನೇ ಅಧ್ಯಾಯದ 6ನೇ ವಚನ ವುಝೂವಿನ ನಾಲ್ಕು ಅಂಗಗಳನ್ನು ಹೇಳುತ್ತದೆ: ಮುಖ ತೊಳೆಯುವುದು, ಕೈಗಳನ್ನು ಮೊಣಕೈವರೆಗೆ ತೊಳೆಯುವುದು, ಒದ್ದೆ ಕೈಯಿಂದ ತಲೆ ಸವರುವುದು, ಪಾದಗಳನ್ನು ಹರಡಿನವರೆಗೆ ತೊಳೆಯುವುದು. ಮೊದಲು ಮುಂಗೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗಿಗೆ ನೀರು ಏರಿಸಿ ಸ್ವಚ್ಛ ಮಾಡುವುದು, ಪ್ರತಿ ಅಂಗವನ್ನು ಮೂರು ಸಲ ತೊಳೆಯುವುದು ಪ್ರವಾದಿಯವರ ರೂಢಿಯಿಂದ ಬಂದದ್ದು. ಶಿಯಾ ಮುಸ್ಲಿಮರು ಪಾದವನ್ನು ತೊಳೆಯುವುದಿಲ್ಲ, ಒದ್ದೆ ಕೈಯಿಂದ ಸವರುತ್ತಾರೆ.

ತಪ್ಪುಗಳು ಎಲ್ಲಿ ಆಗುತ್ತವೆ? ಹೆಚ್ಚಾಗಿ ಹಿಮ್ಮಡಿಯಲ್ಲಿ ಮತ್ತು ಮೊಣಕೈಯ ಹಿಂಬದಿಯಲ್ಲಿ. ಆತುರದಲ್ಲಿ ತೊಳೆದರೆ ಅಲ್ಲಿ ಒಣಗಿದ ಚುಕ್ಕೆ ಉಳಿಯುತ್ತದೆ. ಅಷ್ಟು ಉಳಿದರೂ ವುಝೂ ಪೂರ್ತಿಯಾಗಲಿಲ್ಲ. ಉಗುರಿನ ಬಣ್ಣ, ಅಂಟಿ ಒಣಗಿದ ಹಿಟ್ಟು, ಪೇಂಟು ಇವುಗಳ ತೊಂದರೆಯೂ ಅದೇ, ನೀರು ಕೆಳಗೆ ಇಳಿಯಲು ಬಿಡುವುದಿಲ್ಲ. ಮೆಹಂದಿಯ ಬಣ್ಣಕ್ಕೆ ಅಡ್ಡಿಯಿಲ್ಲ, ಅದು ಪದರವಲ್ಲ. ಮಲಮೂತ್ರ ವಿಸರ್ಜನೆ, ಗಾಳಿ ಹೋಗುವುದು, ಗಾಢ ನಿದ್ರೆ ಇವುಗಳಿಂದ ವುಝೂ ಮುರಿಯುತ್ತದೆ. ಹರಿಯುವಷ್ಟು ರಕ್ತ ಬಂದರೆ ಹನಫಿ ಪಂಥದವರ ಪ್ರಕಾರ ಮುರಿಯುತ್ತದೆ, ಶಾಫಿ ಪಂಥದವರ ಪ್ರಕಾರ ಇಲ್ಲ (ಎರಡೂ ಸುನ್ನಿಗಳ ಧರ್ಮನಿಯಮದ ಪಂಥಗಳು). ನಮಾಜಿನ ನಡುವೆ ಜೋರಾಗಿ ನಕ್ಕರೆ ನಮಾಜ್ ಎಲ್ಲರಿಗೂ ಕೆಡುತ್ತದೆ, ಹನಫಿಗಳಿಗೆ ವುಝೂ ಕೂಡ ಹೋಗುತ್ತದೆ! ಮುರಿಯದಿದ್ದರೆ ಒಂದೇ ವುಝೂವಿನಲ್ಲಿ ಎರಡು ಮೂರು ಹೊತ್ತಿನ ನಮಾಜ್ ಮಾಡಬಹುದು. ನೀರಿಲ್ಲದಿದ್ದರೆ, ಅಥವಾ ನೀರು ತಾಕಿದರೆ ಕಾಯಿಲೆ ಹೆಚ್ಚುವುದಾದರೆ, ಶುದ್ಧ ಮಣ್ಣಿಗೆ ಅಂಗೈ ತಾಕಿಸಿ ಮುಖ, ಕೈ ಸವರಿಕೊಳ್ಳುವ ತಯಮ್ಮುಮ್ ಇದೆ.

ಕಡ್ಡಾಯ ರಕಾತ್‌ಗಳು ಫಜ್ರ್‌ನಲ್ಲಿ 2, ಜುಹರ್‌ನಲ್ಲಿ 4, ಅಸರ್‌ನಲ್ಲಿ 4, ಮಗ್ರಿಬ್‌ನಲ್ಲಿ 3, ಇಶಾದಲ್ಲಿ 4, ಒಟ್ಟು 17. ಈ ಐದು ಹೊತ್ತುಗಳು ಕ್ರಮವಾಗಿ ನಸುಕು, ಮಧ್ಯಾಹ್ನ, ಇಳಿಹೊತ್ತು, ಸೂರ್ಯಾಸ್ತ, ರಾತ್ರಿ. ಒಂದು ರಕಾತ್ ಅಂದರೆ ನಿಂತು ಏಳು ವಚನಗಳ ಫಾತಿಹಾ ಅಧ್ಯಾಯ ಓದುವುದು, ಬಾಗಿ ಮೊಣಕಾಲು ಹಿಡಿಯುವ ರುಕೂ, ಮತ್ತೆ ನೆಟ್ಟಗೆ ನಿಲ್ಲುವುದು, ಆಮೇಲೆ ಎರಡು ಸಜ್ದಾ. ಸಜ್ದಾದಲ್ಲಿ ಏಳು ಅಂಗ ನೆಲಕ್ಕೆ ತಾಕಬೇಕು: ಮೂಗಿನ ಸಮೇತ ಹಣೆ, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದಗಳ ಬೆರಳುಗಳು. ಹೊಸಬರು ಕಾಲ್ಬೆರಳನ್ನು ಮೇಲಕ್ಕೆತ್ತಿಬಿಡುತ್ತಾರೆ. ಇನ್ನೊಂದು ಸಾಮಾನ್ಯ ತಪ್ಪು, ರುಕೂವಿನಿಂದ ಪೂರ್ತಿ ನೆಟ್ಟಗಾಗದೆ ನೇರ ಸಜ್ದಾಗೆ ಇಳಿಯುವುದು. ಮೂರಾಯಿತೋ ನಾಲ್ಕಾಯಿತೋ ಎಂದು ರಕಾತಿನ ಲೆಕ್ಕ ತಪ್ಪಿದರೆ ಶಾಫಿಗಳು ಕಡಿಮೆ ಸಂಖ್ಯೆಯನ್ನೇ ಹಿಡಿದು ಮುಂದುವರಿಸುತ್ತಾರೆ, ಕೊನೆಯಲ್ಲಿ ಮರೆವಿಗಾಗಿ ಎರಡು ಹೆಚ್ಚುವರಿ ಸಜ್ದಾ ಮಾಡುತ್ತಾರೆ. ಜಮಾತಿಗೆ (ಸಾಮೂಹಿಕ ನಮಾಜಿಗೆ) ತಡವಾಗಿ ಬಂದವರು, ಅದನ್ನು ಮಾಡಿಸುವ ಇಮಾಮರು ರುಕೂವಿನಿಂದ ಏಳುವ ಮೊದಲು ಸೇರಿಕೊಂಡರೆ ಆ ರಕಾತ್ ಸಿಕ್ಕಿತು, ಇಲ್ಲದಿದ್ದರೆ ಇಮಾಮರು ಸಲಾಮ್ ಹೇಳಿ ನಮಾಜ್ ಮುಗಿಸಿದ ಮೇಲೆ ಎದ್ದು ಅದನ್ನು ಪೂರೈಸಬೇಕು.

ಮೊಬೈಲಿನ ಎರಡು ಆ್ಯಪ್‌ಗಳು ಬೇರೆ ಬೇರೆ ಸಮಯ ತೋರಿಸುತ್ತವೆ ಎಂದು ಗಾಬರಿಯಾಗಬೇಡಿ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿರುವಾಗ ಫಜ್ರ್ ಎಂದು ಕೆಲವರು ಲೆಕ್ಕ ಹಾಕುತ್ತಾರೆ, 15 ಡಿಗ್ರಿ ಎಂದು ಕೆಲವರು. ಅಸರ್‌ಗೆ ಹನಫಿಗಳು ನೆರಳು ವಸ್ತುವಿನ ಎರಡರಷ್ಟು ಆಗುವವರೆಗೆ ಕಾಯುತ್ತಾರೆ, ಉಳಿದವರಿಗೆ ಒಂದರಷ್ಟು ಸಾಕು. ಇಬ್ಬರೂ ನಡುಮಧ್ಯಾಹ್ನದ ನೆರಳನ್ನು ಕಳೆದೇ ಲೆಕ್ಕ ಹಾಕುವುದು. ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಪಂಥ ಮತ್ತು ಲೆಕ್ಕದ ವಿಧಾನ ಬದಲಿಸಿದರೆ ಸರಿಹೋಗುತ್ತದೆ. ಶಿಯಾಗಳು ಜುಹರ್-ಅಸರ್, ಮಗ್ರಿಬ್-ಇಶಾಗಳನ್ನು ಸಾಮಾನ್ಯವಾಗಿ ಕೂಡಿಸಿ ಮಾಡುತ್ತಾರೆ. ಅವರು ದಿನಕ್ಕೆ ಮೂರೇ ಹೊತ್ತು ನಿಂತಂತೆ ಕಂಡರೂ ನಮಾಜ್ ಐದೇ.

ಈಗ ಕ್ರೈಸ್ತರ ಕಡೆ. “ಕ್ರೈಸ್ತರು ದಿನಾ ಏನು ಮಾಡುತ್ತಾರೆ” ಎಂಬ ಪ್ರಶ್ನೆಗೆ ಯಾವ ಸಭೆಯವರು (ಯಾವ ಪಂಗಡದವರು) ಎಂದು ಕೇಳದೆ ಉತ್ತರವಿಲ್ಲ. ಪ್ರಾಟೆಸ್ಟೆಂಟರಲ್ಲಿ ಅನೇಕರು ಬೆಳಿಗ್ಗೆ ಬೈಬಲ್ ಓದಿ ತಮ್ಮ ಮಾತಿನಲ್ಲೇ ಪ್ರಾರ್ಥಿಸುತ್ತಾರೆ. ಅವರು ಬಳಸುವ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ, ದಿನಕ್ಕೆ ಮೂರು ನಾಲ್ಕು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಒಂದು ದಿನ ಓದದಿದ್ದರೆ ಬೇಸರವಾಗಬಹುದು, ಆದರೆ ಅದನ್ನು ತೀರಿಸಬೇಕಾದ ಬಾಕಿ ಎಂದು ಯಾರೂ ಬರೆದಿಡುವುದಿಲ್ಲ. ನಮಾಜ್ ತಪ್ಪಿದರೆ ಅದು ಬಾಕಿ, ಖಜಾ ಮಾಡಿ ತೀರಿಸಬೇಕು. ನನ್ನ ದೃಷ್ಟಿಯಲ್ಲಿ “ಐದು ಸಲ, ಒಂದು ಸಲ” ಎಂಬ ಎಣಿಕೆಗಿಂತ ದೊಡ್ಡ ವ್ಯತ್ಯಾಸ ಇದೇ.

ಕ್ಯಾಥೋಲಿಕರಲ್ಲಿ ಮನೆಯ ಆಚರಣೆಯೆಂದರೆ ಬಹುಪಾಲು ಜಪಮಾಲೆ. ಐದು ಹತ್ತುಗಳ ಮಾಲೆಯಲ್ಲಿ 59 ಮಣಿ, 53 ಚಿಕ್ಕವು, 6 ದೊಡ್ಡವು. ಚಿಕ್ಕ ಮಣಿಗೆ ನಮೋ ಮರಿಯ, ದೊಡ್ಡ ಮಣಿಗೆ ಪರಲೋಕ ಪ್ರಾರ್ಥನೆ. ಸೋಮವಾರ, ಶನಿವಾರ ಹರ್ಷದ ರಹಸ್ಯಗಳನ್ನು (ಯೇಸು, ಮರಿಯರ ಬದುಕಿನ ಘಟನೆಗಳನ್ನು) ಧ್ಯಾನಿಸುತ್ತಾರೆ, ಮಂಗಳವಾರ, ಶುಕ್ರವಾರ ದುಃಖದವನ್ನು, ಬುಧವಾರ, ಭಾನುವಾರ ಮಹಿಮೆಯವನ್ನು. ಗುರುವಾರದ ಬೆಳಕಿನ ರಹಸ್ಯಗಳು ಎರಡನೇ ಜಾನ್ ಪಾಲ್ ಪೋಪರು 2002ರಲ್ಲಿ ಸೇರಿಸಿದವು. ಮುಸ್ಲಿಮರ ತಸ್ಬೀಹ್ ಮಾಲೆಯಲ್ಲಿ ಸಾಮಾನ್ಯವಾಗಿ 99 ಅಥವಾ 33 ಮಣಿ. ನಮಾಜಿನ ಬಳಿಕ ಸುಬ್ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34 ಸಲ ಹೇಳುವ ರೂಢಿಗೆ ಅದು ಅನುಕೂಲ. ಮಾಲೆ ಇಲ್ಲದೆ ಬೆರಳ ಗಿಣ್ಣು ಎಣಿಸಿದರೂ ಆಯಿತು. ಎರಡೂ ಕಡೆ ಇದು ಐಚ್ಛಿಕ, ಹಾಗಾಗಿ ಈ ಜೋಡಿಯ ಹೋಲಿಕೆ ಸರಿಯಾಗಿ ಕೂಡುತ್ತದೆ.

ಗಡಿಯಾರಕ್ಕೆ ಕಟ್ಟಿದ ಪ್ರಾರ್ಥನೆ ಕ್ರೈಸ್ತರಲ್ಲೂ ಇದೆ, ಆದರೆ ಅದರ ಹೊಣೆ ಮುಖ್ಯವಾಗಿ ಗುರುಗಳ (ಪಾದ್ರಿಗಳ) ಮತ್ತು ಸಂನ್ಯಾಸಿಗಳ ಮೇಲಿದೆ. ಕ್ಯಾಥೋಲಿಕ್ ಗುರುಗಳು ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಬೈಬಲಿನ ನಿಗದಿತ ಕೀರ್ತನೆಗಳನ್ನು ಓದುತ್ತಾರೆ, ಆ ಕೀರ್ತನೆಗಳ ಆವರ್ತನ ನಾಲ್ಕು ವಾರದ್ದು. ಈಜಿಪ್ಟಿನ ಕಾಪ್ಟಿಕ್ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿ ಏಳು ಹೊತ್ತುಗಳಿವೆ, ಗೃಹಸ್ಥರೂ ಬಳಸುತ್ತಾರೆ, ಪೂರ್ವಕ್ಕೆ ಮುಖಮಾಡಿ ನಿಲ್ಲುತ್ತಾರೆ. ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಚರ್ಚಿನೊಳಗೆ ಚಪ್ಪಲಿ ಬಿಡುತ್ತಾರೆ, ಹಂದಿಮಾಂಸ ತಿನ್ನುವುದಿಲ್ಲ. “ಇದು ಮುಸ್ಲಿಮರದ್ದು, ಇದು ಕ್ರೈಸ್ತರದ್ದು” ಎಂದು ಪಟ್ಟಿ ಮಾಡುವವರು ಇವರನ್ನು ಎಲ್ಲಿ ಕೂರಿಸುತ್ತಾರೋ!

ಕ್ರೈಸ್ತರಲ್ಲಿ “ಸಿಂಧುವೋ ಅಲ್ಲವೋ” ಎಂಬ ಪ್ರಶ್ನೆ ಬಿಗಿಯಾಗುವುದು ಸಂಸ್ಕಾರಗಳಲ್ಲಿ, ಅದರಲ್ಲೂ ಪರಮಪ್ರಸಾದದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯ) ಸುತ್ತ. ಕ್ಯಾಥೋಲಿಕರಲ್ಲಿ ಅಭಿಷೇಕವಾದ ಗುರುವಿಲ್ಲದೆ ಬಲಿಪೂಜೆ (ಆ ಪ್ರಸಾದದ ಪೂಜೆ) ನಡೆಯುವುದೇ ಇಲ್ಲ. ಪ್ರಸಾದ ಸ್ವೀಕರಿಸುವ ಕನಿಷ್ಠ 1 ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಏನೂ ತಿನ್ನುವಂತಿಲ್ಲ. ಗಂಟೆಯನ್ನು ಪೂಜೆಯ ಆರಂಭದಿಂದ ಎಣಿಸಬೇಡಿ, ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಗಂಭೀರ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ. ಬೇರೆ ಧರ್ಮದವರು ಪೂಜೆಗೆ ಬಂದು ಕೂರಬಹುದು, ಆದರೆ ಪ್ರಸಾದದ ಸಾಲಿನಲ್ಲಿ ಕೈ ಚಾಚಬಾರದು. ಅತಿಥಿಗಳು ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ. ಭಾನುವಾರದ ಕಡ್ಡಾಯವನ್ನು ಶನಿವಾರ ಸಂಜೆಯ ಪೂಜೆಯಲ್ಲೂ ಪೂರೈಸಬಹುದು. ಶುಕ್ರವಾರದ ಜುಮಾ ನಮಾಜಿಗೆ ಇಂಥ ಅದಲುಬದಲಿಲ್ಲ. ಅದು ಮಧ್ಯಾಹ್ನವೇ, ಖುತ್ಬಾ (ಪ್ರವಚನ) ಮತ್ತು 2 ರಕಾತ್. ತಪ್ಪಿದವರು ಜುಹರ್‌ನ 4 ರಕಾತ್ ಮಾಡಬೇಕು. ಜುಮಾ ಕಡ್ಡಾಯವಿರುವುದು ವಯಸ್ಕ ಗಂಡಸರಿಗೆ, ಭಾನುವಾರದ ಪೂಜೆ ಹೆಂಗಸರಿಗೂ ಅಷ್ಟೇ ಕಡ್ಡಾಯ. ಇಮಾಮರನ್ನು “ಮುಸ್ಲಿಮರ ಪಾದ್ರಿ” ಎನ್ನುವುದೂ ಸರಿಯಲ್ಲ. ಸುನ್ನಿಗಳಲ್ಲಿ ಅವರಿಗೆ ಅಭಿಷೇಕವಿಲ್ಲ. ಸರಿಯಾಗಿ ಓದಬಲ್ಲ ಗಂಡಸರು ಯಾರಾದರೂ ಮುಂದೆ ನಿಂತು ನಮಾಜ್ ಮಾಡಿಸಬಹುದು.

ಮುಟ್ಟಿನ ದಿನಗಳಲ್ಲಿ ಮುಸ್ಲಿಮ್ ಹೆಂಗಸರು ನಮಾಜ್ ಮಾಡುವುದಿಲ್ಲ, ಆ ನಮಾಜುಗಳ ಖಜಾವೂ ಇಲ್ಲ. ರಮಜಾನಿನಲ್ಲಿ ಬಿಟ್ಟ ಉಪವಾಸಗಳನ್ನು ಮಾತ್ರ ಆಮೇಲೆ ಮಾಡಬೇಕು. ಕ್ಯಾಥೋಲಿಕ್, ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇಂಥ ನಿಯಮವಿಲ್ಲ. ಗಂಡಸರ ತಲೆಯ ವಿಷಯ ನೇರ ತಿರುವುಮುರುವು, ಮಸೀದಿಯಲ್ಲಿ ಟೋಪಿ ಹಾಕುವುದು ರೂಢಿ, ಚರ್ಚಿನಲ್ಲಿ ತೆಗೆಯುವುದು ಮರ್ಯಾದೆ.

ದಾನದ ವಿಷಯದಲ್ಲಿ ಮುಸ್ಲಿಮರು 2.5%, ಕ್ರೈಸ್ತರು 10% ಎಂದು ಹೋಲಿಸುವುದನ್ನು ಆಗಾಗ ನೋಡುತ್ತೇನೆ. ಅದು ತಪ್ಪು ಲೆಕ್ಕ. ಮುಸ್ಲಿಮರ ಕಡ್ಡಾಯ ದಾನವಾದ ಜಕಾತ್ ಬೀಳುವುದು ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ, ಅದೂ ಸುಮಾರು 85 ಗ್ರಾಂ ಚಿನ್ನದ ಮೌಲ್ಯ ಮೀರಿದ್ದರೆ. ಕ್ರೈಸ್ತರ 10%, ಅಂದರೆ ದಶಮಾಂಶ, ಆದಾಯದ ಮೇಲೆ. ಅನೇಕ ಪ್ರಾಟೆಸ್ಟೆಂಟ್ ಸಭೆಗಳು ಅದನ್ನು ಬೋಧಿಸುತ್ತವೆ, ಕ್ಯಾಥೋಲಿಕರ ನಿಯಮದಲ್ಲಿ ಇಂತಿಷ್ಟು ಎಂಬ ಪ್ರಮಾಣವಿಲ್ಲ.

ಉಪವಾಸದಲ್ಲಿ ಊಟ ಹಾಕುವವರೂ ಎಚ್ಚರವಾಗಿರಬೇಕು. ರಮಜಾನಿನಲ್ಲಿ ಹಗಲು ನೀರೂ ಇಲ್ಲ. ಉಪವಾಸ ಶುರುವಾಗುವುದು ಫಜ್ರ್ ಹೊತ್ತಿಗೆ, ಸೂರ್ಯೋದಯಕ್ಕಲ್ಲ, ಮುಗಿಯುವುದು ಸೂರ್ಯಾಸ್ತಕ್ಕೆ. ಕ್ಯಾಥೋಲಿಕರಿಗೆ ಉಪವಾಸ ಕಡ್ಡಾಯವಿರುವುದು ತಪಸ್ಸುಕಾಲ (ಈಸ್ಟರಿಗೆ ಮುಂಚಿನ ವ್ರತದ ದಿನಗಳು) ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, 18ರಿಂದ 59 ವಯಸ್ಸಿನವರಿಗೆ. ಒಂದು ಪೂರ್ತಿ ಊಟ, ಎರಡು ಸಣ್ಣ ಆಹಾರ, ನೀರಿಗೆ ತಡೆಯಿಲ್ಲ. 14 ದಾಟಿದವರು ಆ ದಿನಗಳಲ್ಲಿ, ಮತ್ತು ಸಾಮಾನ್ಯವಾಗಿ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಮಾಂಸ ಬಿಡುತ್ತಾರೆ. ಮೀನು, ಮೊಟ್ಟೆ, ಹಾಲು ನಡೆಯುತ್ತದೆ. ಆರ್ಥೊಡಾಕ್ಸರ ಕಟ್ಟುನಿಟ್ಟಿನ ಉಪವಾಸದಲ್ಲಿ ಇವು ಮೂರೂ ಇಲ್ಲ, ಕೆಲವು ದಿನ ಎಣ್ಣೆಯೂ ಇಲ್ಲ. ಅದು ವರ್ಷದ ಬಹುಪಾಲು ಬುಧವಾರ, ಶುಕ್ರವಾರಗಳಿಗೂ ಅನ್ವಯ.

ರಮಜಾನ್ ಪ್ರತಿವರ್ಷ 10-11 ದಿನ ಹಿಂದಕ್ಕೆ ಸರಿಯುತ್ತದೆ. ತಪಸ್ಸುಕಾಲ ಈಸ್ಟರಿಗೆ ಕಟ್ಟುಬಿದ್ದಿದೆ, ಪಾಶ್ಚಾತ್ಯ ಸಭೆಗಳ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೇ ಬರುತ್ತದೆ. ಹಾಗಾಗಿ ಎರಡೂ ಕೆಲವು ವರ್ಷ ಒಂದರ ಮೇಲೊಂದು ಬೀಳುತ್ತವೆ. 2026ರಲ್ಲಿ ಬೂದಿ ಬುಧವಾರ ಬಂದದ್ದು ಫೆಬ್ರವರಿ 18ಕ್ಕೆ, ರಮಜಾನ್ ಶುರುವಾದದ್ದೂ ಅದೇ ಹೊತ್ತಿಗೆ. ಇಂಥ ವರ್ಷಗಳಲ್ಲಿ ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕರೆಯುವುದಿದ್ದರೆ ಸೂರ್ಯಾಸ್ತದ ನಂತರ ಕರೆಯಿರಿ. ಮಾಂಸ, ಮೀನು, ಮೊಟ್ಟೆ, ಹಾಲು, ಮದ್ಯ ಯಾವುದೂ ಸೇರದ ಒಂದೆರಡು ಅಡುಗೆ ಇರಲಿ, ಬಂದವರಲ್ಲಿ ಆರ್ಥೊಡಾಕ್ಸರಿದ್ದರೆ ಎಣ್ಣೆಯ ಬಗ್ಗೆ ಮೊದಲೇ ಕೇಳಿಬಿಡಿ.