ಕೌಂಟರಿನ ಹಿಂದಿನ ನಗು

ಪ್ರಶ್ನೆ: ಶಿರಸಿಯ ಕಾಲೇಜೊಂದರ ಲೈಬ್ರರಿಯಲ್ಲಿ 11 ವರ್ಷದಿಂದ ಇದ್ದೇನೆ. ದಂಡ ಕೇಳಿದರೆ ಬೈಯುತ್ತಾರೆ, ಬಾಕಿ ಇಲ್ಲ ಅನ್ನೋ ನೋ ಡ್ಯೂ ಪತ್ರ ಸಿಗದಿದ್ದರೆ ಎದುರಿಗೇ ಅಳುತ್ತಾರೆ. ಮೊನ್ನೆ ಮಳೆಗೆ ನೆನೆದು ಹಪ್ಪಳದಂತೆ ಉಬ್ಬಿದ ಪುಸ್ತಕ ತಂದವನೊಬ್ಬ ‘ಮೊದಲೇ ಹೀಗಿತ್ತು’ ಅಂದ. ನಗುತ್ತಲೇ ಮಾತಾಡಿ ಕಳಿಸಿದೆ. ಮನೆಗೆ ಹೋಗಿ ಮಗಳ ಮೇಲೆ ರೇಗಿದೆ. ‘ಕೂತು ಮಾಡೋ ಕೆಲಸ, ನಿಂಗೇನು ಕಷ್ಟ?’ ಅಂತಾರೆ ಯಜಮಾನರು. ನನ್ನದೇ ತಪ್ಪಾ?

ಉತ್ತರ: ಅಲ್ಲ ತಂಗಿ. ನಾನೂ ಕಾರವಾರದಲ್ಲಿ ಇಂಥದ್ದೇ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಒಳಗೆ ಕುದಿಯುವಾಗ ನಗುವುದೂ ದುಡಿಮೆಯೇ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಗಗನಸಖಿಯರ ಕೆಲಸ ನೋಡಿ ಇದನ್ನು ಭಾವನೆಯ ದುಡಿಮೆ ಎಂದರು. ಸಂಬಳದ ಚೀಟಿಯಲ್ಲಿ ಮಾತ್ರ ಅದಕ್ಕೆ ಕಾಲಂ ಇಲ್ಲ, ಅಲ್ವಾ?

ಪುಸ್ತಕ ಕೊಡುವಾಗಲೇ ವಿದ್ಯಾರ್ಥಿಗಳೆದುರು ಪುಟ ತಿರುವಿ, ಹರಿದದ್ದು, ನೆನೆದದ್ದು ಇದ್ದರೆ ಮರಳಿಸುವ ದಿನ ಹಾಕುವ ಡ್ಯೂ ಸ್ಲಿಪ್ಪಿನಲ್ಲಿ ಪೆನ್ಸಿಲಿನಿಂದ ಬರೆದಿಡಿ. ಅರ್ಧ ಜಗಳ ಅಲ್ಲೇ ಕಮ್ಮಿ. ದಂಡದ ನಿಯಮಕ್ಕೆ ಪ್ರಾಂಶುಪಾಲರ ಸಹಿ ಹಾಕಿಸಿ ಗೋಡೆಗೆ ಅಂಟಿಸಿ. ಬೈಗುಳ ಆ ಕಾಗದಕ್ಕೆ ಹೋಗಲಿ. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ‘ಓದುಗರ ಸಮಯ ಉಳಿಸಿ’ ಅಂತ ಸೂತ್ರ ಬರೆದರು. ನಮ್ಮ ಸಮಯಕ್ಕೆ ಸೂತ್ರ ನಾವೇ ಮಾಡಿಕೊಳ್ಳಬೇಕು! ಸಂಜೆ ಬಸ್ಸು ಹತ್ತುವ ಮೊದಲು ಹತ್ತು ನಿಮಿಷ ಎಲ್ಲಾದರೂ ಸುಮ್ನೆ ಕೂರಿ. ನಾನು ಸಮುದ್ರದೆದುರು ಕೂರುತ್ತಿದ್ದೆ. ಮಗಳಿಗೆ ಮಾತ್ರ ಇವತ್ತೇ ಸಾರಿ ಹೇಳಿಬಿಡಿ.