ಡೈರಿ ಬರೆದರೂ ಮನಸ್ಸು ಹಗುರವಾಗದಿದ್ದರೆ

ದಿನಾ ಡೈರಿ ಬರೆದರೂ ಅದೇ ಕೊರಗು ಬಿಡುತ್ತಿಲ್ಲ, ಥೆರಪಿಯಲ್ಲಿ ಮಾಡಿಸುವುದನ್ನು ನಾನೇ ಮಾಡಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಒಂದು ಮಟ್ಟಿಗೆ ಖಂಡಿತ ಆಗುತ್ತದೆ. ನಾನೂ ಎರಡು ವರ್ಷ ನಿಮ್ಮ ಹಾಗೇ ಬರೆದೆ. ‘ನಾನ್ಯಾಕೆ ಹೀಗೆ?’ ಅನ್ನುವುದೊಂದೇ ಪ್ರಶ್ನೆ, ಪುಟಗಟ್ಟಲೆ. ಬರೆದು ಮುಗಿಸುವಷ್ಟರಲ್ಲಿ ಮನಸ್ಸು ಇನ್ನೂ ಭಾರವಾಗಿರುತ್ತಿತ್ತು.

ಆಮೇಲೆ ಕೌನ್ಸೆಲರ್ ಒಬ್ಬರು ಹಾಳೆಯ ಮೇಲೆ ಗೆರೆ ಎಳೆದು ಕೊಟ್ಟರು. ಏನಾಯಿತು, ಏನು ಅನ್ನಿಸಿತು, ಎಷ್ಟು ನೋವಾಯಿತು, ಆ ಅನಿಸಿಕೆಗೆ ಪುರಾವೆ ಏನು, ಅದರ ವಿರುದ್ಧ ಏನಿದೆ. ಇದರ ಮೂಲ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆ ಇದ್ದವರಲ್ಲಿ ಗಮನಿಸಿದ ಸಂಗತಿ. ಘಟನೆಗೂ ದುಃಖಕ್ಕೂ ನಡುವೆ ತಟ್ಟನೆ ಒಂದು ಯೋಚನೆ ಹಾದುಹೋಗುತ್ತದೆ. ನಾವು ಅದನ್ನು ಪರೀಕ್ಷೆ ಮಾಡದೇ ನಂಬಿಬಿಡುತ್ತೇವೆ.

ನನ್ನ ಮೊದಲ ಹಾಳೆಯಲ್ಲಿ ‘ಏನಾಯಿತು’ ಎಂಬಲ್ಲಿ, ‘ಗೆಳತಿಗೆ ನಾನು ಬೇಡವಾಗಿದ್ದೇನೆ’ ಎಂದು ಬರೆದಿದ್ದೆ. ಕೌನ್ಸೆಲರ್ ಕೇಳಿದರು, ‘ಇದು ಆದದ್ದಾ, ನಿಮಗೆ ಅನ್ನಿಸಿದ್ದಾ?’ ಆದದ್ದು ಇಷ್ಟೇ: ನನ್ನ ಮೆಸೇಜಿಗೆ ಎರಡು ದಿನದಿಂದ ಉತ್ತರ ಬಂದಿರಲಿಲ್ಲ. ಎರಡು ವರ್ಷದ ಡೈರಿಯಲ್ಲಿ ಒಮ್ಮೆಯೂ ನಾನು ಇವೆರಡನ್ನು ಬೇರೆ ಮಾಡಿ ನೋಡಿರಲಿಲ್ಲ.

ನೋವು ನೂರಕ್ಕೆ 80 ಎಂದು ಹಾಕಿದೆ. ‘ವಿರುದ್ಧ’ ಎಂಬ ಜಾಗ ಮಾತ್ರ ತುಂಬಾ ಹೊತ್ತು ಖಾಲಿ ಇತ್ತು. ನೋವಿನಲ್ಲಿರುವಾಗ ನೆನಪೂ ನೋವಿನ ಕಡೆಗೇ ವಾಲುತ್ತದೆ, ಅದಕ್ಕೇ ಅಲ್ಲಿ ಸ್ವಲ್ಪ ಕಾಯಬೇಕು. ಹಿಂದಿನ ತಿಂಗಳು ಅವಳೇ ಫೋನ್ ಮಾಡಿ ಗಂಟೆಗಟ್ಟಲೆ ಮಾತಾಡಿದ್ದು ನಿಧಾನಕ್ಕೆ ನೆನಪಾಯಿತು. ನೋವು 50ಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ಸಿಟ್ಟಿನಲ್ಲಿ ಬರೆದಿಟ್ಟಿದ್ದ ಮೆಸೇಜನ್ನು ಕಳಿಸದೇ ಇರಲು ಅಷ್ಟು ಸಾಕಾಯಿತು.

ನೀವೂ ಒಂದೇ ಒಂದು ಘಟನೆಯಿಂದ ಶುರು ಮಾಡಿ. ಇಡೀ ಬದುಕನ್ನು ಒಂದೇ ಹಾಳೆಗೆ ತರಬೇಡಿ. ಸುಮ್ನೆ ಒಳ್ಳೆಯ ಮಾತು ಬರೆದು ಸಮಾಧಾನ ಮಾಡಿಕೊಳ್ಳುವುದೂ ಬೇಡ. ನಂಬಿಕೆ ಬಾರದ ಸಮಾಧಾನ ನಿಲ್ಲುವುದಿಲ್ಲ, ಅಲ್ವಾ?

ಒಂದು ತಿಂಗಳಾದ ಮೇಲೆ ಹಾಳೆಗಳನ್ನೆಲ್ಲ ಒಟ್ಟಿಗೆ ಓದಿ. ನನ್ನವುಗಳಲ್ಲಿ ಘಟನೆ ಬೇರೆ ಬೇರೆ, ಯೋಚನೆ ಮಾತ್ರ ಒಂದೇ: ‘ನಾನು ಯಾರಿಗೂ ಮುಖ್ಯ ಅಲ್ಲ.’ ಅದನ್ನು ಒಬ್ಬಳೇ ಬಿಡಿಸಲು ನನ್ನಿಂದಾಗಲಿಲ್ಲ, ಹಾಳೆಗಳನ್ನು ತೆಗೆದುಕೊಂಡು ಮತ್ತೆ ಕೌನ್ಸೆಲರ್ ಹತ್ತಿರ ಹೋದೆ. ನಿಮಗೂ ಬರೆದಷ್ಟೂ ಕುಸಿದಂತಾದರೆ, ನಿದ್ದೆ ಊಟ ತಪ್ಪಿದರೆ, ಬದುಕೇ ಬೇಡ ಅನ್ನಿಸಿದರೆ, ಪೆನ್ನು ಕೆಳಗಿಟ್ಟು ದಯವಿಟ್ಟು ಅವತ್ತೇ ಯಾರಿಗಾದರೂ ಹೇಳಿ, ವೈದ್ಯರನ್ನು ನೋಡಿ.