ಸ್ಯಾಕ್ ಲೆಕ್ಕ ಬಿಡಿ, ಪಾದ ನೋಡಿ

ಪ್ರಶ್ನೆ: ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಲೆಫ್ಟ್ ಟ್ಯಾಕಲ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಡಗಡೆ ಕಾಯುವವನು) ಈ ಸೀಸನ್ ಪೂರ್ತಿ ಒಂದೂ ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಬಿಟ್ಟುಕೊಟ್ಟಿಲ್ಲ. ವೃತ್ತಿಪರ ಲೀಗ್ ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋಗಬೇಕಲ್ಲವೇ? (ಡಲ್ಲಾಸ್‌ನ ಓದುಗರು)

ಉತ್ತರ: ಡ್ರಾಫ್ಟ್ ನಡೆಯುವ ಏಪ್ರಿಲ್ ಹತ್ತಿರವಾದಂತೆ ಇದೇ ಪ್ರಶ್ನೆ, ಆಟಗಾರನ ಹೆಸರು ಮಾತ್ರ ಬೇರೆ. ಕ್ವಾರ್ಟರ್‌ಬ್ಯಾಕ್ ಎರಡು ಸೆಕೆಂಡಿನೊಳಗೆ ಚೆಂಡು ಎಸೆದುಬಿಟ್ಟರೆ ಟ್ಯಾಕಲ್ ಎಷ್ಟೇ ಕಳಪೆಯಾಗಿದ್ದರೂ ಸ್ಯಾಕ್ ಆಗುವುದಿಲ್ಲ. ಕಾಲೇಜು ಆಟದ ತುಂಬ ಸ್ಕ್ರೀನ್ (ಹತ್ತಿರದವನಿಗೆ ಗಿಡ್ಡ ಪಾಸ್), ಆರ್‌ಪಿಒ (ಓಟವೋ ಪಾಸೋ ಎಂದು ಆ ಕ್ಷಣದಲ್ಲೇ ಆರಿಸುವ ಆಟ), ಪ್ಲೇ-ಆಕ್ಷನ್ (ಓಟದ ನಟನೆ ಮಾಡಿ ಪಾಸ್). ನಿಯಮವೂ ಸಡಿಲ: ಪಾಸ್ ಹೊರಡುವಾಗ ಲೈನ್‌ಮನ್ (ಟ್ಯಾಕಲ್, ಗಾರ್ಡ್, ಸೆಂಟರ್ ಇರುವ ಮುಂಸಾಲಿನವನು) ಆಟ ಶುರುವಾದ ಗೆರೆಯಿಂದ 3 ಯಾರ್ಡ್ ಮುಂದಿದ್ದರೂ ನಡೆಯುತ್ತದೆ, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್.

ಆದ್ದರಿಂದ ಮೊದಲು ಸೋಸಿ. ಒಳ್ಳೆಯ ಎಡ್ಜ್ ರಷರ್ (ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎದುರಾಳಿ) ಎದುರಿಗಿದ್ದ ಮೂರು-ನಾಲ್ಕು ಪಂದ್ಯ ಮಾತ್ರ ಆರಿಸಿಕೊಳ್ಳಿ. ಅದರಲ್ಲಿ ಮೇಲೆ ಹೇಳಿದ ಆಟಗಳನ್ನೆಲ್ಲ ತೆಗೆದುಹಾಕಿ. ಥರ್ಡ್ ಡೌನ್‌ನಲ್ಲಿ (10 ಯಾರ್ಡ್ ಗಳಿಸಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) 7 ಯಾರ್ಡ್‌ಗಿಂತ ಹೆಚ್ಚು ಬೇಕಾಗಿ, ಪಾಸ್ ಬರುತ್ತದೆಂದು ಎಲ್ಲರಿಗೂ ಗೊತ್ತಿರುವ ಸ್ನ್ಯಾಪ್‌ಗಳು (ಒಂದೊಂದು ಯತ್ನ) ಸಿಗುತ್ತವೆ. ಪರೀಕ್ಷೆ ಅಲ್ಲಿಯೇ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಎಂಡ್ ಜೋನ್ (ಮೈದಾನದ ತುದಿ) ಕಡೆಯಿಂದ ತೆಗೆದ ದೃಶ್ಯ ಸಿಕ್ಕರೆ ಅದನ್ನೇ ನೋಡಿ.

ಮೊದಲು ಪಾದ. ಹಿಂದೆ ಜಾರುವಾಗ ಎರಡು ಪಾದ ಒಂದಕ್ಕೊಂದು ತಾಗುತ್ತಿವೆಯೇ? ತಾಗಿದ ಕ್ಷಣಕ್ಕೆ ಬುಲ್ ರಷ್ (ಎದೆಗೆ ನೇರ ನೂಕು) ಬಂದರೆ ಹುಡುಗ ಕ್ವಾರ್ಟರ್‌ಬ್ಯಾಕ್ ಮಡಿಲಿಗೇ ಬೀಳುತ್ತಾನೆ. ಆಮೇಲೆ ಸೊಂಟ. ಅವಸರದಲ್ಲಿ ಸೈಡ್‌ಲೈನ್ ಕಡೆ ತಿರುಗಿಬಿಟ್ಟರೆ ಒಳಗಿನ ದಾರಿ ತೆರೆದಂತೆಯೇ, ಎನ್‌ಎಫ್‌ಎಲ್ ರಷರ್ ಅದಕ್ಕೇ ಕಾದಿರುತ್ತಾನೆ. ಬಗ್ಗುವುದು ಮಂಡಿಯಲ್ಲೋ ನಡುವಿನಲ್ಲೋ? ನಡು ಬಗ್ಗಿಸಿ ತಲೆ ಮುಂದೆ ಚಾಚುವವನನ್ನು ಎದುರಾಳಿ ಕೈ ಹಿಡಿದು ಕೆಳಗೆಳೆದು ದಾಟಿಹೋಗುತ್ತಾನೆ. ಕೈ ಎದುರಾಳಿಯ ಎದೆಗೆ ಬೀಳದೆ ಭುಜದ ಹೊರಗೆ ಬಿದ್ದರೆ ಹೋಲ್ಡಿಂಗ್ ಫ್ಲಾಗ್ (ಎದುರಾಳಿಯನ್ನು ಹಿಡಿದ ತಪ್ಪಿಗೆ ದಂಡ) ಖಾತ್ರಿ. ಎದುರಾಳಿಯ ಎಂಡ್ (ಅಂಚಿನವನು) ಒಳಗೆ ನುಗ್ಗಿ ಡಿಫೆನ್ಸಿವ್ ಟ್ಯಾಕಲ್ (ನಡುವಿನವನು) ಹೊರಗೆ ಸುತ್ತಿ ಬಂದಾಗ, ನಿಮ್ಮ ಹುಡುಗ ತನ್ನವನನ್ನು ಪಕ್ಕದ ಗಾರ್ಡ್‌ಗೆ ಒಪ್ಪಿಸುತ್ತಾನೋ, ಬೆನ್ನಟ್ಟಿ ಓಡುತ್ತಾನೋ? ಇಷ್ಟನ್ನೂ ನಾಲ್ಕನೇ ಕ್ವಾರ್ಟರ್‌ನಲ್ಲಿ ಇನ್ನೊಮ್ಮೆ ನೋಡಿ.

ಕೈ ಎಲ್ಲಿ ಇಡಬೇಕೆಂಬುದನ್ನು ಕೋಚ್ ತಿದ್ದಬಲ್ಲರು. ಬಿಗಿದ ಸೊಂಟ, ಭಾರವಾದ ಪಾದ ತಿದ್ದಿಸುತ್ತೇನೆಂದು ನಾನಾದರೆ ಮೊದಲ ಸುತ್ತಿನ ಆಯ್ಕೆ ಖರ್ಚು ಮಾಡಲಾರೆ.

ಪ್ರಶ್ನೆ: ಕೈ ಉದ್ದ 33 ಇಂಚಿಗಿಂತ ಕಡಿಮೆ ಇದ್ದರೆ ಟ್ಯಾಕಲ್ ಕನಸು ಮುಗಿಯಿತೇ?

ಉತ್ತರ: ಉದ್ದ ಕೈಯವನ ಹೊಡೆತ ಮೊದಲು ಎದೆಗೆ ತಲುಪುತ್ತದೆ, ಅದಕ್ಕೇ ತಂಡಗಳು ಭುಜದ ಮೂಳೆಯ ತುದಿಯಿಂದ ನಡುಬೆರಳ ತುದಿಯವರೆಗೆ ಅಳೆಯುತ್ತವೆ. ಲೆಫ್ಟ್ ಟ್ಯಾಕಲ್ ಜೋ ಥಾಮಸ್ ಕೈ 32½ ಇಂಚು. 2007ರಲ್ಲಿ ಕ್ಲೀವ್‌ಲ್ಯಾಂಡ್ ಅವರನ್ನು 3ನೆಯವರಾಗಿ ಆರಿಸಿತು, 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಆದರೆ ಗಿಡ್ಡ ಕೈಯವರೆಲ್ಲ ಅವರ ಹೆಸರು ಹೇಳಿಕೊಳ್ಳಬೇಡಿ, ಅವರಿಗೆ ಆ ಪಾದಗಳಿದ್ದವು. ಗಾರ್ಡ್ ಆಗುವುದು ಅವಮಾನವೂ ಅಲ್ಲ. ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಲೆಫ್ಟ್ ಟ್ಯಾಕಲ್ ಆಗಿದ್ದ ಝ್ಯಾಕ್ ಮಾರ್ಟಿನ್ ಡಲ್ಲಾಸ್‌ನಲ್ಲಿ ಗಾರ್ಡ್ ಆಗಿ ಏನು ಮಾಡಿದರೆಂದು ಅಲ್ಲಿನವರನ್ನೇ ಕೇಳಿ.

ಪ್ರಶ್ನೆ: ಎಳೆದು ಮಸಾಜ್ ಮಾಡಿದರೆ ಕೈ ಉದ್ದವಾಗುತ್ತದಂತೆ?

ಉತ್ತರ: ಮೂಳೆ ಬೆಳೆಯುವುದಿಲ್ಲ. ಉದ್ದವಾಗುವುದು ಬಿಲ್ ಮಾತ್ರ.

ಪ್ರಶ್ನೆ: 40 ಯಾರ್ಡ್ ಓಟ, ಬೆಂಚ್ ಪ್ರೆಸ್ ಎಷ್ಟಿರಬೇಕು?

ಉತ್ತರ: ಲೈನ್‌ಮನ್ 40 ಯಾರ್ಡ್ ಓಡುವ ಸಂದರ್ಭವೇ ಅಪರೂಪ, ಮೊದಲ 10 ಯಾರ್ಡ್ ಸಮಯ ನೋಡಿ ಸಾಕು. 2018ರ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚಿನ ದೈಹಿಕ ಪರೀಕ್ಷೆ) ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್ ಜೂನಿಯರ್ 5.85 ಸೆಕೆಂಡಿನಲ್ಲಿ ಓಡಿ, 225 ಪೌಂಡನ್ನು 14 ಸಲ ಮಾತ್ರ ಎತ್ತಿ ನಗೆಪಾಟಲಾದರು, ಮೂರನೇ ಸುತ್ತಿಗೆ ಜಾರಿದರು, ಆಮೇಲೆ ಪ್ರೊ ಬೌಲ್ (ತಾರಾ ಆಟಗಾರರ ಪಂದ್ಯ) ಆಡಿದರು.

ಪ್ರಶ್ನೆ: ಮಗನಿಗೆ ಮೂರು ತಿಂಗಳಲ್ಲಿ 20 ಕೆಜಿ ಏರಿಸುವ ಪುಡಿ ಕೊಡುತ್ತೇನೆ ಎನ್ನುತ್ತಾರೆ ಜಿಮ್‌ನವರು.

ಉತ್ತರ: ಆ ಜಿಮ್ ಬಿಡಿಸಿ. ಅಷ್ಟು ಬೇಗ ಏರುವುದು ಹೊಟ್ಟೆ, ನಿಧಾನವಾಗುವುದು ಪಾದ. ಪುಡಿಯಲ್ಲಿ ನಿಷೇಧಿತ ವಸ್ತುವಿದ್ದರೆ ಶಿಕ್ಷೆ ಹುಡುಗನಿಗೆ, ಮಾರಿದವನಿಗಲ್ಲ. 1989ರಲ್ಲಿ ಗ್ರೀನ್ ಬೇ ತಂಡ ಟ್ಯಾಕಲ್ ಟೋನಿ ಮ್ಯಾಂಡರಿಚ್ ಮೈಕಟ್ಟಿಗೆ ಮರುಳಾಗಿ, ಮುಂದೆ ಓಟದ ದಂತಕತೆಯಾದ ಬ್ಯಾರಿ ಸ್ಯಾಂಡರ್ಸ್‌ರನ್ನೇ ಬಿಟ್ಟು 2ನೇ ಆಯ್ಕೆ ಸುರಿಯಿತು. ಕಾಲೇಜಿನಲ್ಲಿ ಸ್ಟೆರಾಯ್ಡ್ ತೆಗೆದುಕೊಂಡಿದ್ದಾಗಿ ಮ್ಯಾಂಡರಿಚ್ ಅವರೇ ಮುಂದೆ ಒಪ್ಪಿಕೊಂಡರು. ಇತ್ತ 280 ಪೌಂಡ್ ಆಸುಪಾಸಿನ ಜೇಸನ್ ಕೆಲ್ಸಿ 2011ರಲ್ಲಿ 191ನೆಯವರಾಗಿ ಹೋಗಿ, ಫಿಲಡೆಲ್ಫಿಯಾದಲ್ಲಿ ಹದಿಮೂರು ಸೀಸನ್ ಸೆಂಟರ್ ಆಡಿದರು.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ನಮ್ಮ ಹುಡುಗ ಎದುರಾಳಿಗಳನ್ನು ಕೆಡವುವ ವಿಡಿಯೊ ಕಳಿಸಲೇ?

ಉತ್ತರ: ಬೇಡ. ಆತ ಸೋತ ಹತ್ತು ಸ್ನ್ಯಾಪ್ ಇದ್ದರೆ ಕಳಿಸಿ.